ಚಿತ್ರಕ್ಕೆ ಅಂಟು

ಚಂಡಮಾರುತ ಊರನ್ನೇ ಗುಡಿಸಿಕೊಂಡು ಹೋಗಿ ಒಂಬತ್ತು ದಿನವಾಗಿತ್ತು. ಪರದೇಶದವರು ಕಳಿಸಿದ ಅಕ್ಕಿ ಮೂಟೆಗಳು ಸೈನ್ಯದ ಕಾವಲಿನಲ್ಲಿ ಹಾಗೇ ಬಿದ್ದಿದ್ದವು. ಮೂಟೆ ಮೂಟೆಯ ಮೇಲೂ ದೇಶ ಆಳುವ ಜನರಲ್ ಸಾಹೇಬರ ಚಿತ್ರ ಅಂಟಿಸದೆ ಒಂದು ಕಾಳೂ ಹಂಚಕೂಡದೆಂದು ಅಪ್ಪಣೆಯಾಗಿತ್ತು. ಚಿತ್ರಗಳು ಬಂದಿದ್ದವು, ಅಂಟು ಬಂದಿರಲಿಲ್ಲ.

“ಒಂದು ಮೂಟೆ ಬಿಚ್ಚಿಸಿ ಸಾಹೇಬ್ರೆ, ಗಂಜಿ ಕಾಯಿಸಿ ಅಂಟು ಮಾಡಿಕೊಡ್ತೀನಿ,” ಎಂದಳು ಊರಿನ ಮುದುಕಿಯೊಬ್ಬಳು, ಕಾವಲಿನ ಅಧಿಕಾರಿಗೆ. ಬಾಣಂತಿ ಸೊಸೆ ಅನ್ನ ಕಂಡು ನಾಲ್ಕು ದಿನವಾಗಿತ್ತು. ಕೂಸಿಗೆ ಹಾಲು ಬತ್ತಿತ್ತು. ಎರಡು ಲೋಟ ಗಂಜಿ ಸೆರಗಿನ ಮರೆಯಲ್ಲಿ ಸಾಗಿಸಿದರೆ ಅವಳಿಗೆ ಸಾಕಿತ್ತು.

ಅಧಿಕಾರಿ ಒಪ್ಪಿದ. ಹಂಡೆ ಕುದಿಯಿತು.

“ಇಷ್ಟೊಂದು ಯಾಕಜ್ಜಿ?”

“ದೊಡ್ಡ ದೊಡ್ಡ ಚಿತ್ರ ಅಲ್ವಾ ಸಾಹೇಬ್ರೆ? ಜನರಲ್ ಮುಖ ಕಿತ್ಕೊಂಡು ಬಂದ್ರೆ ನಿಮಗೇ ಬೈತಾರೆ.”

ಅವನು ನಕ್ಕ. “ನಮ್ಮಪ್ಪ ಪುಸ್ತಕಕ್ಕೆ ರಟ್ಟು ಕಟ್ತಿದ್ದ. ಅಂಟಿನ ಕೆಲಸ ನಂಗೂ ಗೊತ್ತು.”

“ಹಂಗಾದ್ರೆ ನೀನೂ ನಮ್ಮೋನೇ ಕಣಪ್ಪ,” ಎಂದು ಅವಳು ಲೋಟ ಎತ್ತಿಕೊಂಡಳು.

ಅವನು ಡೇರೆಯೊಳಗೆ ಹೋಗಿ ಒಂದು ಪೊಟ್ಟಣ ತಂದ.

“ತಿಂದ ಹುಳ ಸಾಯ್ಲಿ ಅಂತ ಅಪ್ಪ ಇದನ್ನ ಬೆರೆಸ್ತಿದ್ದ,” ಎಂದು ಒಂದು ಹಿಡಿ ನೀಲಿ ಮೈಲುತುತ್ತವನ್ನು ಹಂಡೆಗೆ ಸುರಿದ.