ಮಂಡಳಿಯ ಹಲ್ಲಿ

ಅರಸೀಕೆರೆ ಸೀಮೆಯಲ್ಲಿ ನನ್ನಂಥ ಡಾಕ್ಟರು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನನ್ನ ಕ್ಲಿನಿಕ್ಕಿನ ಸರದಿ ಬಾಣಾವರ ದಾಟುತ್ತದೆ. ಅದರಲ್ಲಿ ನಿಂತವರು ನಿಂತಲ್ಲೇ ಬೀಗರಾಗಿದ್ದಾರೆ. ಯಮನಿಗೂ ಹೆದರದ ನಾನು ಹೆದರುವುದು ಒಂದು ಹಲ್ಲಿಗೆ. ತಪಾಸಣಾ ಮಂಡಳಿ ಪ್ರತಿ ಡಾಕ್ಟರ ಗೋಡೆಗೂ ಒಂದೊಂದನ್ನು ಬಿಟ್ಟಿದೆ. ಒಬ್ಬ ರೋಗಿಗೆ ಒಂದೇ ಕಾಯಿಲೆ, ಅದೂ ಸರದಿ ಹಿಡಿದಾಗ ಹೇಳಿದ್ದನ್ನೇ, ನೋಡಬೇಕು. ಎರಡನೆಯದರ ಬಗ್ಗೆ ತುಟಿ ಬಿಚ್ಚಿದರೆ ಹಲ್ಲಿ ಲೊಚಗುಟ್ಟುತ್ತದೆ. ಮೂರು ಸಲ ಲೊಚಗುಟ್ಟಿದರೆ ಕ್ಲಿನಿಕ್ಕು ಶಾಶ್ವತವಾಗಿ ಬಂದ್. ನನ್ನದು ಆಗಲೇ ಎರಡಾಗಿತ್ತು.

ಅಂದು ಒಳಗೆ ಬಂದವರು ಸಿದ್ದಗಂಗಮ್ಮ. ಮಂಡಿನೋವಿಗೆಂದು ಸರದಿ ಹಿಡಿದಿದ್ದರು. ಕಾದೂ ಕಾದೂ ಮಂಡಿಯೇ ಬೇಸತ್ತು ವಾಸಿಯಾಗಿತ್ತು.

"ಮಂಡಿ ಬುಡಿ ಡಾಕ್ಟ್ರೇ. ಬೆಳಗ್ಗಿಂದ ಎದೆ ಹಿಂಡ್ತದೆ, ಎಡಗೈ ಜೋಮು ಹಿಡಿದದೆ."

ಅವರ ಹಣೆ ಬೆವರಿತ್ತು. ಹಲ್ಲಿ ತಲೆ ಎತ್ತಿತು. ನನ್ನ ನಾಲಗೆ ಒಣಗಿ ಹಪ್ಪಳವಾಯಿತು.

"ಗ್ಯಾಸೇ ಇರ್ಬೇಕು. ಮನೆಗೋಗಿ ಜೀರಿಗೆ ಕಷಾಯ ಕುಡೀತೀನಿ," ಎಂದು ಅವರು ಎದ್ದೇಬಿಟ್ಟರು.

"ಗ್ಯಾಸ್ ಅಲ್ಲಮ್ಮ, ಹಾರ್ಟು! ಈಗಿಂದೀಗ್ಲೇ ಹಾಸನಕ್ಕೆ ಹೋಗ್ಬೇಕು!"

"ಸುಮ್ಕಿರಿ ಡಾಕ್ಟ್ರೇ. ನೀವು ಕಡ್ಡೀನ ಗುಡ್ಡ ಮಾಡೋರು ಅಂತ ಊರಿಗೇ ಗೊತ್ತು."

ಹಲ್ಲಿ ಲೊಚಗುಟ್ಟಿತು. ಬಾಗಿಲ ಶಟರು ತಾನಾಗಿ ಇಳಿಯತೊಡಗಿತು.

ಸಿದ್ದಗಂಗಮ್ಮನ ಮುಖ ಬಿಳಿಚಿಕೊಂಡಿತು. ಬೆರಳಿನಿಂದ ಮೇಜು ಕುಟ್ಟಿ, "ಕೃಷ್ಣ ಕೃಷ್ಣ! ಹಲ್ಲಿ ನುಡೀತಲ್ಲ, ಹಂಗಾದ್ರೆ ದಿಟವೇಯ," ಎಂದರು. "ಯಾರಾದ್ರೂ ಕಾರು ಕರೀರಪ್ಪಾ!"

ಅವರ ತೋಳು ಹಿಡಿದು, ಅರ್ಧ ಇಳಿದ ಶಟರಿನಡಿ ಬಗ್ಗಿ ಹೊರಬಂದೆ. ಅವರನ್ನು ಕೂರಿಸಿಕೊಂಡು ಕಾರು ಹಾಸನದ ಕಡೆ ಓಡಿತು. ಬೆನ್ನ ಹಿಂದೆ ಶಟರು ದಡ್ಡೆಂದು ನೆಲ ಮುಟ್ಟಿತು.

ಸರದಿಯ ಮೊದಲನೆಯವನು ಕೆಮ್ಮುತ್ತ ಕೇಳಿದ: "ಡಾಕ್ಟ್ರೇ, ನಂದು ಇವತ್ತಾಯ್ತದಾ?"