ಮುಳ್ಳಿಲ್ಲದ ಬದನೆಯ ಪ್ರಶ್ನೆ

ಗಿಡಗಳಿಗೆ ಮಾತು ಬಂದು ಹತ್ತು ವರ್ಷವಾಗಿತ್ತು. ಅಂದಿನಿಂದ ಸಸ್ಯ ತಳಿವಿಜ್ಞಾನದ ಎಂ.ಎಸ್ಸಿ. ಮೌಖಿಕ ಪರೀಕ್ಷೆಗೆ, ವಿದ್ಯಾರ್ಥಿ ತಿದ್ದಿದ ಗಿಡವೇ ಪರೀಕ್ಷಕನಾಗಿ ಕೂರಬೇಕೆಂಬುದು ನಿಯಮ. ಧಾರವಾಡದ ಶಿವಗಂಗಾ ಹೂಲಿ ಎರಡು ವರ್ಷ ಹೆಣಗಾಡಿ ಬದನೆಯ ಜೀನು ತಿದ್ದಿ, ಅದರ ಮುಳ್ಳು ಕಳೆದಿದ್ದಳು. ಈಗ ಆ ಗಿಡ ಅವಳ ಗೈಡ್ ಇನಾಮದಾರರ ಪಕ್ಕದಲ್ಲಿ, ಕುಂಡದಲ್ಲಿ ಗಂಭೀರವಾಗಿ ನಿಂತಿತ್ತು.

“ನನ್ನ ಮುಳ್ಳು ಯಾರ ಸಲುವಾಗಿ ತಗದಿ, ಯವ್ವಾ?” ಎಂದು ಗಿಡ ಕೇಳಿತು.

ರೈತರ ಕೈಗೆ ಚುಚ್ಚಬಾರದೆಂದು, ಎಂಬ ಉತ್ತರವನ್ನು ಶಿವಗಂಗಾ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ಆ ಬೋಳು ಕಾಂಡವನ್ನು ಕಂಡು ಅವಳಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

“ಖರೇ ಹೇಳಬೇಕಂದ್ರ, ನನ್ನ ಡಿಗ್ರಿ ಸಲುವಾಗಿರೀ,” ಎಂದಳು.

ಇನಾಮದಾರರು ಹಣೆ ಹಿಡಿದುಕೊಂಡರು. ಗಿಡ ಮಾತ್ರ, “ಸುಳ್ಳು ಹೇಳ್ತಿ ಅಂತ ಕಾದು ನಿಂತಿದ್ದೆ. ಪಾಸ್ ಮಾಡೀನಿ, ಹೋಗು,” ಎಂದಿತು.

ಶಿವಗಂಗಾ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. ಹಿಂದೆಯೇ ಬಂದ ಇನಾಮದಾರರು ಪ್ರಬಂಧವನ್ನು ಅವಳ ಕೈಗಿಟ್ಟು ದನಿ ತಗ್ಗಿಸಿದರು.

“ಪೀಠಿಕೆಯೊಳಗ ರೈತರ ಸಲುವಾಗಿ ಅಂತನ ಇರಲಿ, ತಂಗಿ. ಅದನ್ನ ಓದೋರು ಗಿಡ ಅಲ್ಲ, ಮನುಷ್ಯಾರು.”