ಹತ್ತಿ ಇರುವ ಮನೆ

ನರ್ಸ್ ಸಿರಿಂಜಿನೊಳಗಿನ ಗಾಳಿ ಹೊರಗೆ ಬಿಟ್ಟಳು. ದರ್ಜಿ ಎದ್ದು ಹೊಲಿಗೆ ಕೋಣೆಯ ಬಾಗಿಲು ಮುಂದೆ ಮಾಡಿದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನಾಯಿ ಬಾಲ ಅಲ್ಲಾಡಿಸುತ್ತಾ ಕೂತಿತ್ತು, ಪಾಪ, ಏನೂ ತಿಳಿಯದೆ.

"ಈ ಸಲ ಎಷ್ಟು ಕೊಡ್ತೀಯಾ?"

"ಹೋದ ವಾರಕ್ಕಿಂತ ಚೂರೇ ಚೂರು ಹೆಚ್ಚು. ಒಂದೇ ಸಲಕ್ಕೆ ಜಾಸ್ತಿ ಹೋದ್ರೆ ಜೀವಕ್ಕೆ ಅಪಾಯ."

"ಅವರಿಗೆ ಮಾತ್ರ ಗೊತ್ತಾಗಬಾರದು."

"ನಾನು ಅಳತೆ ಕೊಡೋಕೆ ಬಂದಿರೋ ಗಿರಾಕಿ ಕಣೇ. ನಂಗೇನು ಗೊತ್ತು?"

ನಾಯಿಯನ್ನು ತಂದವನು ದರ್ಜಿಯ ಗಂಡ. ನಾಯಿ, ಬೆಕ್ಕು ಅವಳ ಮೈಗೆ ಆಗಿಬರುವುದಿಲ್ಲವೆಂದು ಮದುವೆಗೆ ಮೊದಲೇ ಗೊತ್ತಿದ್ದ ಗಂಡ. ತಂದದ್ದಾದರೂ ಎಂಥದನ್ನು? ಮುಟ್ಟಿದರೆ ಕೂದಲು, ಮೈ ಕೊಡವಿದರೆ ಮನೆ ತುಂಬ ಕೂದಲು. ಅದರ ಬಿಳುಪು ನೋಡಿ ಅವನೇ ‘ಹತ್ತಿ’ ಎಂದು ಹೆಸರಿಟ್ಟ. ಅವಳು ಹೊಲಿಯುತ್ತಿದ್ದದ್ದು ವಕೀಲರ ಕರಿ ಕೋಟುಗಳನ್ನು. ಗಮ್ ಟೇಪನ್ನು ತಿರುವುಮುರುವಾಗಿ ಅಂಗೈಗೆ ಸುತ್ತಿಕೊಂಡು, ಕೋಟಿನ ಮೇಲಿನ ಬಿಳಿ ಕೂದಲನ್ನು ಒಂದೊಂದೇ ಎತ್ತುತ್ತಾ ಸೀನುತ್ತಿದ್ದಳು. ಸೀನುತ್ತಾ ಅಳುತ್ತಿದ್ದಳು. ಅದು ಅಲರ್ಜಿಯೋ ಅಳುವೋ ಎಂದು ಅವನು ಒಮ್ಮೆಯೂ ಕೇಳಲಿಲ್ಲ.

ಅತ್ತೆ ಕೇಳಿದರು. ಮನೆ ಅತ್ತೆಯದು. ರಿಟೈರಾದ ಹೆಡ್‌ಮೇಡಂ, ಒಮ್ಮೆ ಆಡಿದ ಮಾತನ್ನು ಹೆತ್ತ ಮಗನಿಗೂ ತಿದ್ದಲು ಬಿಡುವವರಲ್ಲ.

"ಅವಳಿಗೆ ಉಸಿರೇ ಕಟ್ತಿದೆ. ನಾಯೀನ ಬೇರೆ ಯಾರಿಗಾದ್ರೂ ಕೊಟ್ಟು ಬಾರೋ."

"ಹತ್ತಿ ಈ ಮನೇಲೇ ಇರುತ್ತೆ," ಎಂದ ಅವನು ಎದೆಯುಬ್ಬಿಸಿ. "ಅದರ ಜೊತೆ ಇರೋಕಾಗದವರು ಗಂಟುಮೂಟೆ ಕಟ್ಲಿ. ಇದು ಕೊನೇ ಮಾತು."

"ಯೋಚನೆ ಮಾಡಿ ಹೇಳ್ತಿದೀಯಾ?"

"ಮಾಡಿಯೇ ಹೇಳ್ತಿದೀನಿ."

ನಿಜ, ಮಾಡಿಯೇ ಹೇಳಿದ್ದ. ಅದು ಹೆಂಡತಿಗೆ ತಿಳಿದದ್ದು ಹೊಸ ಗಿರಾಕಿಯೊಬ್ಬಳು, ಒಬ್ಬ ಲಾಯರಮ್ಮ, ಕೋಟಿನ ಅಳತೆಗೆಂದು ಬಂದ ದಿನ. ಹೊಸಬರನ್ನು ಕಂಡರೆ ಮನೆ ಕಿತ್ತುಹೋಗುವಂತೆ ಬೊಗಳುವ ನಾಯಿ ಅವಳ ಕೈಕಾಲು ನೆಕ್ಕಿ ಕುಣಿದಾಡಿತು. "ನಮ್ಮನೇಲೂ ಇಂಥವೇ ಮೂರಿವೆ," ಎಂದಳು ಲಾಯರಮ್ಮ, ಇವಳ ಕೋಣೆಯ ಗೋಡೆಗಳನ್ನೇ ಅಳತೆ ತೆಗೆಯುವಂತೆ ನೋಡುತ್ತಾ. ಮರಿ ಎಲ್ಲಿಂದ ಬಂದಿತ್ತು, ಯಾಕೆ ಬಂದಿತ್ತು, ಎರಡೂ ಒಟ್ಟಿಗೇ ಅರ್ಥವಾದವು. ದರ್ಜಿ ಹಲ್ಲು ಕಚ್ಚಿ ಭುಜದ ಅಳತೆ ಬರೆದುಕೊಂಡಳು. ತಾನಾಗಿಯೇ ಓಡಿಹೋಗಲಿ ಎಂದು ತಾನೇ ಈ ಆಟ? ಆಗಲಿ, ನೋಡೇಬಿಡೋಣ.

ಅಂದಿನಿಂದ ನಾಯಿಯನ್ನು ಬಾಚುವ ಕೆಲಸ ಅವಳೇ ವಹಿಸಿಕೊಂಡಳು. ಮೂಗಿಗೆ ಬಟ್ಟೆ ಕಟ್ಟಿ, ಬಾಚಿದ ಕೂದಲನ್ನೆಲ್ಲ ಒಂದು ಚೀಲಕ್ಕೆ ತುಂಬಿಡುವಳು. ಗಂಡ ಒಳಗೊಳಗೇ ನಗುತ್ತಿದ್ದ. ಅವನು ಗೇಟು ತೆಗೆದ ಸದ್ದಾದರೆ ಸಾಕು, ಅವಳಿಗೆ ಸೀನಿನ ಮೇಲೆ ಸೀನು. ಇನ್ನೆಷ್ಟು ದಿನ ತಡೆದಾಳು?

ಆದರೂ ಸೇವೆಗೆ ಕೊರತೆಯಿರಲಿಲ್ಲ. ಗುಂಡಿ ಕಿತ್ತರೆ ಕೇಳುವ ಮೊದಲೇ ಹಾಕಿಕೊಡುವಳು. ದಿಂಬು ಚಪ್ಪಟೆಯಾಗಿದೆ, ಕುತ್ತಿಗೆ ನೋವು ಎಂದು ಅವನು ಗೊಣಗಿದರೆ, "ಹತ್ತಿ ತುಂಬಿಸಿ ಕೊಡ್ತೀನಿ ರೀ," ಎನ್ನುವಳು. ಅವನಿಗೂ ನೆಗಡಿಯಾಗಿ, ಅದು ಎಷ್ಟು ದಿನವಾದರೂ ಬಿಡದಾದಾಗ, ಹಬೆ ತೆಗೆದುಕೊಳ್ಳಲು ನೀರು ಕಾಯಿಸಿ ತಂದಿಟ್ಟಳು.

"ಚಿಕ್ಕವನಿದ್ದಾಗಲೂ ಇವನಿಗೆ ಉಬ್ಬಸ ಇತ್ತು," ಎಂದರು ಅತ್ತೆ.

"ಹವಾ ಸರಿ ಇಲ್ಲ, ಅಷ್ಟೇ," ಎಂದು ಅವನು ಮೂಗೊರೆಸಿಕೊಂಡ.

ಹೀಗಿರುವಾಗ ಹೊಲಿಗೆ ಯಂತ್ರದ ಕೆಳಗೆ ಅವನಿಗೆ ಇಂಜೆಕ್ಷನ್ ಸೂಜಿಯ ಮುಚ್ಚಳವೊಂದು ಸಿಕ್ಕಿತು. ಮುಖ ಊರಗಲವಾಯಿತು. ನಾಯಿಗೆ ವಿಷ! ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದರೂ ಸಿಗದು. ಇವತ್ತು ನರ್ಸ್ ಒಳಗೆ ಹೋದದ್ದನ್ನು ನೋಡಿದವನೇ ತಾಯಿಯ ಕೈಹಿಡಿದು ಕರೆತಂದು, ಬಾಗಿಲನ್ನು ದಡಾರನೆ ನೂಕಿದ.

"ನೋಡಮ್ಮಾ ನಿನ್ನ ಮುದ್ದಿನ ಸೊಸೇನ! ನಾಯಿಗೆ ವಿಷ ಕೊಡ್ತಿದಾಳೆ!"

ಸೂಜಿ ದರ್ಜಿಯ ತೋಳಿನಲ್ಲಿತ್ತು. ನಾಯಿ ಅವಳ ತೊಡೆಯ ಮೇಲೆ ಗಲ್ಲವಿಟ್ಟು ತೂಕಡಿಸುತ್ತಿತ್ತು.

"ವಿಷ ಅಲ್ಲಮ್ಮ," ಎಂದಳು ನರ್ಸ್. "ನಾಯಿ ಕೂದಲು ಮೈಗೆ ಒಗ್ಗೋ ಹಾಗೆ ಮಾಡೋ ಔಷಧಿ. ಡಾಕ್ಟರೇ ಬರೆದಿರೋದು. ಈಗ ಇವಳು ನಾಯೀನ ಅಪ್ಪಿಕೊಂಡು ಮಲಗಿದ್ರೂ ಏನೂ ಆಗಲ್ಲ."

ಅವನು ಬಾಯಿ ತೆರೆದ. ಬಂದದ್ದು ಸೀನು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಎದೆ ಸುಯ್‌ಗುಟ್ಟಿತು, ಗೋಡೆ ಹಿಡಿದು ಕುಸಿದು ಕೂತ. ನರ್ಸ್ ಅವನ ಕಣ್ಣುರೆಪ್ಪೆ ಎಳೆದು ನೋಡಿ, "ಇದು ನೆಗಡಿಯಲ್ಲ," ಎಂದಳು. "ಇವರಿಗೇ ನಾಯಿ ಆಗ್ತಿಲ್ಲ."

"ಹಾಗಾದ್ರೆ ನಾಯೀನ ಹೊರಗೆ ಹಾಕಿ!"

"ಹತ್ತಿ ಈ ಮನೇಲೇ ಇರುತ್ತೆ," ಎಂದರು ಅತ್ತೆ, ಪಾಠ ಒಪ್ಪಿಸುವಂತೆ. "ಅದರ ಜೊತೆ ಇರೋಕಾಗದವರು ಗಂಟುಮೂಟೆ ಕಟ್ಲಿ. ನಿಂದೇ ಮಾತು ಕಣೋ. ಯೋಚನೆ ಮಾಡಿಯೇ ಹೇಳಿದ್ದಲ್ವಾ? ಆ ಲಾಯರಮ್ಮನ ಮನೆ ಇದೆಯಲ್ಲ, ಹೊರಡು. ನನಗೇನು ಕಣ್ಣಿಲ್ಲ ಅಂದ್ಕೊಂಡ್ಯಾ?"

"ಅಲ್ಲೂ ಮೂರಿವೆ," ಎಂದಳು ಸೊಸೆ, ಮೆಲ್ಲಗೆ.

ಬ್ಯಾಗು ಹಿಡಿದು ಅವನು ಗೇಟು ದಾಟುವಷ್ಟರಲ್ಲಿ ಅವಳು ಹಿಂದಿನಿಂದ ಓಡಿಬಂದಳು. ಕೈಯಲ್ಲಿ ಅವನ ದಿಂಬು.

"ಇದಿಲ್ದೆ ನಿಮಗೆ ನಿದ್ದೆ ಬರಲ್ವಲ್ಲ ರೀ."

ಅವನು ಕಿತ್ತುಕೊಂಡ. ಎದೆಗವುಚಿಕೊಂಡು, ಸೀನುತ್ತಾ ಸೀನುತ್ತಾ ಬೀದಿಯ ತಿರುವಿನಲ್ಲಿ ಮರೆಯಾದ.

"ದಿಂಬು ಒಳ್ಳೆ ದಪ್ಪಗಿತ್ತಲ್ಲೇ," ಎಂದರು ಅತ್ತೆ. "ಅಷ್ಟೊಂದು ಅರಳೆ ಎಲ್ಲಿಂದ ತಂದೆ?"

"ಅರಳೆ ಯಾಕೆ ಅತ್ತೆ," ಎಂದಳು ಅವಳು, ಬಾಚಣಿಗೆ ಎತ್ತಿಕೊಂಡು ನಾಯಿಯನ್ನು ಹತ್ತಿರಕ್ಕೆ ಕರೆಯುತ್ತಾ, "ಮನೇಲೇ ಹತ್ತಿ ಇರುವಾಗ?"